ಗೋಡೆಯನ್ನು ಯಾವ ಕಡೆಗೆ ಸರಿಸತಕ್ಕದ್ದು?



ತೋಟದ ಹಳೇ ಗೋಡೆಯನ್ನು ಕೆಡಹಿ, ಗಾಡಿ ನಿಲ್ಲಿಸುವದಕ್ಕೆ ಸ್ಥಳಮಾಡಿಕೊಂಡು, ಅದೇ ಕಲ್ಲುಗಳಿಂದ ಅದನ್ನು ತಿರಿಗಿ ಕಟ್ಟುವದು ಮೇಸ್ತ್ರಿಗೆ ಸೇರಿದ ಕೆಲಸವೇ ಹೊರತು ಮನಸ್ಸಾಕ್ಷಿಗೆ ಸೇರಿದ್ದಲ್ಲವೆಂದು ನಮ್ಮಲ್ಲಿ ಅನೇಕರು ಎಣಿಸುತ್ತಾರೆ. ಪ್ರಾರ್ಥನೆ, ದಾನ, ಸತ್ಯವಚನ, ಮದ್ಯವರ್ಜನೆ ಇವುಗಳ ವಿಷಯವಾಗಿ ಉಪದೇಶಿಯವರು ಮಾತಾಡಲಿ, ಕಲ್ಲು ಗಾರೆಗಳಲ್ಲಿ ಅವರಿಗೇನು ಕೆಲಸ ಎನ್ನುತ್ತಾರೆ. ಆದರೆ ಸತ್ಯವೇದವು ಗೋಡೆಗಳ ವಿಷಯದಲ್ಲಿ ಸುಮ್ಮನಿರುವದಿಲ್ಲ. ನೆರೆಯವನ ಗಡಿಕಲ್ಲನ್ನು ಸರಿಸುವವನನ್ನು ಕುರಿತು ಮೋಶೆಯ ಧರ್ಮಶಾಸ್ತ್ರವು ಮಾತಾಡುತ್ತದೆ, ಜ್ಞಾನೋಕ್ತಿಗಳು ಮಾತಾಡುತ್ತವೆ. ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆಯಿಲ್ಲದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧವು ಮನೆಯವನ ಮೇಲೆ ಬರುವದೆಂದು ಸಹ ಅಲ್ಲಿ ಕಟ್ಟಳೆಯುಂಟು. ಮಾಳಿಗೆಯ ಒಂದು ಮೊಳದ ಗೋಡೆಯನ್ನು ಲಕ್ಷಿಸಿದ ದೇವರು ನಮ್ಮ ತೋಟದ ಪಾಗಾರವನ್ನು ಲಕ್ಷಿಸದೆ ಬಿಡುವನೆಂದು ನಾವು ನೆನಸುವದು ಹೇಗೆ?

ಈ ಪ್ರಶ್ನೆಯು ಈಗ ಏಳುವದಕ್ಕೆ ಕಾರಣವಿದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯಿದ್ದವರು ಕೆಲವರೇ. ಅದು ಕೊಟ್ಟಿಗೆಯ ಪಕ್ಕದಲ್ಲಿ ಮೂಕಿ ನೆಲಕ್ಕಿಟ್ಟು ನಿಂತಿರುತ್ತಿತ್ತು, ಮಿಕ್ಕವರು ನಡೆದರು. ಅದಕ್ಕೆ ತಕ್ಕಂತೆ ಓಣಿಗಳಾದವು, ಓಣಿಗಳಿಗೆ ತಕ್ಕಂತೆ ಬಾಗಲುಗಳಾದವು. ಈಗ ಮಗನು ಪೇಟೆಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ದುಡಿದು ಒಂದು ಮೋಟಾರನ್ನು ಕೊಳ್ಳುತ್ತಾನೆ. ಅದರಲ್ಲಿ ದೋಷವೇನೂ ಇಲ್ಲ. ವೃದ್ಧಳಾದ ತಾಯಿಯನ್ನು ಮಳೆಗಾಲದ ಆದಿತ್ಯವಾರ ನೆನೆಯದಂತೆ ಆರಾಧನೆಗೆ ಕರೆದುಕೊಂಡು ಹೋಗುವ ಗಾಡಿಯನ್ನು ನಾವು ಲೋಕವ್ಯಾಮೋಹವೆಂದು ಕರೆಯಲಾರೆವು. ಆದರೆ ಆ ಗಾಡಿಯು ರಾತ್ರಿ ಎಲ್ಲಿಯಾದರೂ ನಿಲ್ಲಬೇಕಷ್ಟೆ. ಸಾಧಾರಣವಾದ ಸಣ್ಣ ಮೋಟಾರು ಹನ್ನೆರಡು ಹದಿಮೂರು ಅಡಿ ಉದ್ದ, ಐದೂವರೆ ಅಡಿ ಅಗಲವಿರುತ್ತದೆ. ಬಾಗಲು ತೆರೆದು ಇಳಿಯುವದಕ್ಕೂ ಹಿಂದು ಮುಂದು ಒಬ್ಬರು ನಡೆಯುವದಕ್ಕೂ ಸೇರಿಸಿ ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ ಬೇಕೆಂದಿಟ್ಟುಕೊಂಡರೆ 128 ಚದರಡಿಯಾಯಿತು. ಒಂದು ಸೆಂಟ್ಸೆಂದರೆ 435 ಚದರಡಿಗೆ ತುಸು ಹೆಚ್ಚು. ಹಾಗಾದರೆ ಗಾಡಿಗೆ ಬೇಕಾದದ್ದು ಕಾಲು ಸೆಂಟ್ಸಿಗಿಂತ ಸ್ವಲ್ಪವೇ ಹೆಚ್ಚು ನೆಲ. ಈ ಕಾಲು ಸೆಂಟ್ಸು ಯಾರದರಿಂದ ಬರತಕ್ಕದ್ದು ಎಂಬದೇ ನಮ್ಮ ಪ್ರಶ್ನೆ.

ಗೋಡೆಯು ನಿಂತಿರುವ ತನಕ ಈ ಪ್ರಶ್ನೆಯು ಮಲಗಿರುತ್ತದೆ. ಅಜ್ಜನು ಕಟ್ಟಿದ್ದು, ಎಲ್ಲಿ ಕಟ್ಟಿದನೋ ಅಲ್ಲಿಯೇ ಇದೆ, ಎರಡು ಕಡೆಯವರಿಗೂ ಅದು ಸಾಕ್ಷಿ. ಅದನ್ನು ಕೆಡಹಿದ ದಿವಸ ಆ ಸಾಕ್ಷಿಯು ನೆಲಕ್ಕೊರಗುತ್ತದೆ, ಕಲ್ಲುಗಳೆಲ್ಲಾ ರಾಶಿಯಾಗಿ ಬಿದ್ದಿರುತ್ತವೆ, ಮೇಸ್ತ್ರಿಯು ನೂಲು ಹಿಡಿದು ನಿಂತು, “ಧಣಿಗಳೇ, ಎಲ್ಲಿ ಕಟ್ಟಲಿ?” ಎಂದು ಕೇಳುತ್ತಾನೆ. ಆ ಗಳಿಗೆಯಲ್ಲಿ ಮನುಷ್ಯನೊಳಗೆ ಏಳುವ ಆಲೋಚನೆಯನ್ನು ನಾವೆಲ್ಲರೂ ಬಲ್ಲೆವು. ಹಳೇ ಪಂಚಾಂಗದ ಹೊರಗಡೆ ಒಂದು ಗೇಣು ಬಿಟ್ಟು ಹೊಸ ಕಣಿ ತೋಡಿದರೇನು? ಓಣಿಯು ಅಗಲವಾಗಿಯೇ ಇದೆ, ಒಂದು ಗೇಣನ್ನು ಯಾರು ಅಳೆಯುತ್ತಾರೆ? ಲೆಕ್ಕಮಾಡಿ ನೋಡಿರಿ. ಅರುವತ್ತು ಅಡಿ ಉದ್ದದ ಗೋಡೆಯನ್ನು ಮುಕ್ಕಾಲು ಅಡಿ ಹೊರಕ್ಕೆ ಸರಿಸಿದರೆ 45 ಚದರಡಿ ದೊರೆಯಿತು. ಗಾಡಿಗೆ ಬೇಕಾದ ನೆಲದಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಓಣಿಯಲ್ಲಿ ನಡೆಯುವವರ ಕಾಲಡಿಯಿಂದ ಬಂದ ಹಾಗಾಯಿತು. ಕಳ್ಳನು ರಾತ್ರಿಯಲ್ಲಿ ಬಂದು ಒಂದು ಕೋಳಿಯನ್ನು ಹಿಡಿದರೆ ಊರೆಲ್ಲಾ ಎಚ್ಚರಗೊಳ್ಳುತ್ತದೆ. ಇದು ಹಗಲಿನಲ್ಲಿ, ತೂಗುಗುಂಡು ಹಿಡಿದು, ನೆಟ್ಟಗೆ ನಡೆಯುತ್ತದೆ. ಗಡಿಗುರುತುಗಳನ್ನು ಕೆಡಿಸುವವರಿಗೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯಲ್ಲಿ ದಂಡನೆಯುಂಟು. ಆದರೆ ದಂಡನೆಗೆ ಹೆದರಿ ನೆಟ್ಟಗಿರುವವನು ಭೂಮಾಪಕರು ಬಾರದ ಊರಿನಲ್ಲಿ ಸೊಟ್ಟಗಾಗುವನು; ನಾವು ಹೇಳಬೇಕೆಂದಿರುವ ಕಾರಣವು ಬೇರೆ.

ಓಣಿಯು ಯಾರದೂ ಅಲ್ಲವೆಂಬ ಮಾತು ನಮ್ಮ ಊರುಗಳಲ್ಲಿ ಬಹಳವಾಗಿ ಕೇಳಬರುತ್ತದೆ. ಇದಕ್ಕೆ ಉತ್ತರವಾಗಿ ಯೆಹೂದ್ಯ ಬೋಧಕರ ತಲ್ಮೂದಿನಲ್ಲಿ ಒಂದು ಕಥೆಯುಂಟು. ಅದು ಬಾಬಾ ಕಮ್ಮಾ, ಅಂದರೆ ಮೊದಲನೆಯ ಬಾಗಲು ಎಂಬ ಭಾಗದಲ್ಲಿದೆ. ಒಬ್ಬನು ತನ್ನ ಹೊಲದೊಳಗಿನ ಕಲ್ಲುಗಳನ್ನು ಆಯ್ದು ಸಾರ್ವಜನಿಕರ ದಾರಿಗೆ ಎಸೆಯುತ್ತಿದ್ದನು. ಆ ದಾರಿಯಲ್ಲಿ ಬಂದ ಭಕ್ತನೊಬ್ಬನು ಅವನನ್ನು ಕಂಡು, ನಿನ್ನದಲ್ಲದ ಸ್ಥಳದಿಂದ ನಿನ್ನದಾದ ಸ್ಥಳಕ್ಕೆ ಯಾಕೆ ಕಲ್ಲೆಸೆಯುತ್ತೀ ಎಂದು ಕೇಳಿದನಂತೆ. ಹೊಲದವನು, ಈ ಮುದುಕನಿಗೆ ಬುದ್ಧಿ ತಿರುಗಿದೆ ಎಂದು ನಕ್ಕನು. ಕಾಲಾಂತರದಲ್ಲಿ ಅವನು ಬಡವನಾಗಿ ಹೊಲವನ್ನು ಮಾರಬೇಕಾಯಿತು. ಒಂದು ದಿವಸ ಅದೇ ದಾರಿಯಲ್ಲಿ ನಡೆಯುವಾಗ ತಾನೆಸೆದ ಕಲ್ಲುಗಳನ್ನೇ ಎಡವಿದನು. ಆಗ ಮುದುಕನ ಮಾತಿನ ಅರ್ಥವು ಅವನಿಗೆ ತಿಳಿಯಿತು. ಹೊಲವು ಕೈಬಿಟ್ಟು ಹೋಗುವಂಥದ್ದು. ದಾರಿಯೋ ಎಂದೆಂದಿಗೂ ಅವನದಾಗಿತ್ತು.

ಈ ಕಥೆಯನ್ನು ಹೇಳಿದವರು ಕ್ರಿಸ್ತನನ್ನು ಅಂಗೀಕರಿಸಿದವರಲ್ಲ. ಆದರೂ ಅವರು ಕಂಡದ್ದನ್ನು ನಾವು ಕಾಣದೆ ಹೋದರೆ ನಮಗೆ ನಾಚಿಕೆಯಲ್ಲವೇ? ಪಾಗಾರವನ್ನು ಕೆಡಹಿದಾಗ ಒಡೆದ ಕಲ್ಲು, ಗಾರೆಯ ಪುಡಿ, ಹಂಚಿನ ಚೂರು ಇವನ್ನೆಲ್ಲಾ ಓಣಿಯ ಮಗ್ಗುಲಿಗೆ ತಳ್ಳಿ ಬಿಡುವದು ಸಾಧಾರಣ ವಾಡಿಕೆ. ಮರುದಿವಸ ಮುಂಜಾನೆ ಕತ್ತಲಲ್ಲಿ ಹಾಲಿನ ಸೊಸೈಟಿಗೆ ಹೋಗುವ ಹೆಂಗಸು ಅದರ ಮೇಲೆ ಕಾಲಿಡುತ್ತಾಳೆ. ಅದೇ ತಲ್ಮೂದಿನಲ್ಲಿ ಪೂರ್ವಕಾಲದ ಭಕ್ತರ ಸಂಗತಿಯೊಂದು ಹೇಳಲ್ಪಟ್ಟಿದೆ. ಅವರು ಮುಳ್ಳುಗಳನ್ನೂ ಗಾಜಿನ ಚೂರುಗಳನ್ನೂ ತಮ್ಮ ಸ್ವಂತ ಹೊಲದಲ್ಲಿಯೇ, ನೇಗಿಲು ತಾಕದಷ್ಟು ಆಳವಾಗಿ, ಹೂಳುತ್ತಿದ್ದರಂತೆ. ತಮ್ಮ ಕಸಕ್ಕೆ ತಮ್ಮ ನೆಲವನ್ನೇ ಕೊಟ್ಟರು.

ಹಾಗಾದರೆ ಗೋಡೆಯನ್ನು ಒಳಕ್ಕೆ ಸರಿಸುವದು ಮಾತ್ರವೇ ನ್ಯಾಯವಾದದ್ದೋ? ಹೌದೆಂದು ನಾವು ಹೇಳುತ್ತೇವೆ. ಅಷ್ಟು ಮಾತ್ರವಲ್ಲ, ಅದು ನೆರೆಯವನಿಗೆ ಮಾಡುವ ಒಂದು ಉಪಕಾರವೂ ಆಗಿದೆ. ಹತ್ತು ಅಡಿ ಓಣಿಯಲ್ಲಿ ರಾತ್ರಿಯೆಲ್ಲಾ ಗಾಡಿಯನ್ನು ನಿಲ್ಲಿಸಿದರೆ ಮಿಕ್ಕದ್ದು ನಾಲ್ಕೂವರೆ ಅಡಿ. ಆಕಳು ದಾಟಬಹುದು, ಸೈಕಲಿನವನು ದಾಟಬಹುದು. ಆದರೆ ಓಣಿಯ ಕೊನೆಯ ಮನೆಯಲ್ಲಿ ಒಬ್ಬಳಿಗೆ ಪ್ರಸವವೇದನೆಯು ಹತ್ತಿದಾಗ, ಆರು ಅಡಿಗಿಂತಲೂ ಅಗಲವಾದ ಆಸ್ಪತ್ರೆಯ ಗಾಡಿಯು ಹೇಗೆ ಒಳಗೆ ಬಂದೀತು? ಯಜಮಾನನನ್ನು ಎಬ್ಬಿಸಿ, ಕೀಲಿಕೈ ಹುಡುಕಿಸಿ, ಗಾಡಿಯನ್ನು ತೆಗೆಯಿಸುವಷ್ಟರಲ್ಲಿ ಕಳೆದು ಹೋದ ಕಾಲು ಗಂಟೆಯ ಲೆಕ್ಕವನ್ನು ಯಾರು ಒಪ್ಪಿಸುವರು? ಮರಣದ ದಿವಸವೂ ಹಾಗೆಯೇ. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತವರು ಇಬ್ಬಿಬ್ಬರು ಜೊತೆಯಾಗಿ ನಡೆಯಬೇಕು, ಅವರ ಪಕ್ಕದಲ್ಲಿ ಅಳುವವರೂ ನಡೆಯಬೇಕು. ಸುಮಾರು ಕ್ರಿ. ಶ. 200ರಲ್ಲಿ ಒಟ್ಟುಗೂಡಿಸಲ್ಪಟ್ಟ ಮಿಷ್ನಾ ಎಂಬ ಯೆಹೂದ್ಯ ಗ್ರಂಥವು ದಾರಿಗಳಿಗೆ ಅಳತೆ ಹೇಳುವಾಗ, ಒಬ್ಬೊಬ್ಬರ ಸ್ವಂತ ದಾರಿಗೆ ನಾಲ್ಕು ಮೊಳ, ಎಲ್ಲರ ದಾರಿಗೆ ಹದಿನಾರು ಮೊಳವೆಂದು ಹೇಳಿ, ಸಮಾಧಿಗೆ ಹೋಗುವ ದಾರಿಗೆ ಅಳತೆಯೇ ಇಲ್ಲವೆಂದು ತೀರ್ಮಾನಿಸುತ್ತದೆ. ರಾಜನ ದಾರಿಗೂ ಅಲ್ಲಿ ಅಳತೆಯಿಲ್ಲ. ಸತ್ತ ಬಡವನು ಆ ಒಂದು ದಿವಸ ರಾಜನ ಸಮನಾದನು.

ಆದದರಿಂದ ಗಾಡಿಯನ್ನು ಓಣಿಯಿಂದ ಎತ್ತಿ ತನ್ನ ತೋಟದೊಳಕ್ಕೆ ತಕ್ಕೊಂಡು, ಅದಕ್ಕಾಗಿ ತನ್ನ ಗೋಡೆಯನ್ನು ತನ್ನ ನೆಲದಲ್ಲಿ ಹಿಂದಕ್ಕೆ ಕಟ್ಟಿಕೊಳ್ಳುವವನು ಒಳ್ಳೇದನ್ನು ಮಾಡುತ್ತಾನೆ. ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ತನ್ನ ನೆಲವೆಂದರೆ ನಿಜವಾಗಿ ಯಾರ ನೆಲ? ಕಾಗದದಲ್ಲಿ ಯಜಮಾನನ ಹೆಸರಿರುತ್ತದೆ. ಆ ಎಂಟಡಿ ನೆಲವನ್ನು ದಿನಾಲೂ ಮುಟ್ಟಿದ ಕೈಗಳು ಬೇರೆಯವರದು. ಅಲ್ಲಿ ಅವನ ತಾಯಿಯ ಬಸಳೆಯ ಚಪ್ಪರವಿದೆ, ಹೆಂಡತಿಯು ಹಚ್ಚಿದ ಮಲ್ಲಿಗೆಯಿದೆ, ಒಂದು ಕರಿಬೇವಿದೆ. “ಅಮ್ಮಾ, ಪೇಟೆಯಲ್ಲಿ ಬಸಳೆ ಸಿಕ್ಕುವದಿಲ್ಲವೇ? ಬೇಕಾದಷ್ಟು ತಂದುಕೊಡುತ್ತೇನೆ” ಎಂದು ಮಗನು ಹೇಳುತ್ತಾನೆ. ಮಾತು ಪ್ರೀತಿಯದೇ. ಆದರೆ ಈ ಮಾತನ್ನು ನಾವು ಹಿಂದೊಮ್ಮೆ ಕೇಳಿದ್ದೇವೆ. ಅಹಾಬನು ನಾಬೋತನಿಗೆ ಇಂಥದ್ದನ್ನೇ ಹೇಳಿದನು: ಇದಕ್ಕಿಂತ ಒಳ್ಳೇ ತೋಟವನ್ನು ಕೊಡುತ್ತೇನೆ, ಇಲ್ಲವಾದರೆ ಹಣವನ್ನು ಕೊಡುತ್ತೇನೆ. ಅವನಿಗೆ ಬೇಕಾಗಿದ್ದದ್ದು ದ್ರಾಕ್ಷೇತೋಟವನ್ನು ಕಾಯಿಪಲ್ಯದ ತೋಟವನ್ನಾಗಿ ಮಾಡುವದು. ಈಗಿನವರಿಗೆ ಬೇಕಾಗಿರುವದು ಕಾಯಿಪಲ್ಯದ ತೋಟವನ್ನು ಗಾಡಿಯ ಅಂಗಳವನ್ನಾಗಿ ಮಾಡುವದು. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಕೊಡುತ್ತೇನೆಂದ ಕ್ರಯವೂ ನ್ಯಾಯವಾಗಿಯೇ ಇತ್ತು. ಇಲ್ಲವೆಂಬ ಉತ್ತರವನ್ನು ಕೇಳಿದ ಮೇಲೆ ಅವನು ಮೋರೆ ತಿರುಗಿಸಿಕೊಂಡು ಊಟ ಬಿಟ್ಟು ಮಲಗಿದನಲ್ಲಾ, ಅಲ್ಲಿ ಪಾಪವು ಬಾಗಲನ್ನು ದಾಟಿ ಒಳಗೆ ಬಂತು. ಮನೆಯಲ್ಲಿ ತಾಯಿಯು ಬೇಡವೆಂದರೆ, ಅಥವಾ ಬೇಡವೆನ್ನಲಾರದೆ ಸುಮ್ಮನಾದರೆ, ಮಗನು ಏನು ಮಾಡುತ್ತಾನೆ ಎಂಬದನ್ನು ನೋಡಿ ಆ ಗೋಡೆಯು ಯಾವ ಆತ್ಮದಿಂದ ಕಟ್ಟಲ್ಪಡುತ್ತದೆ ಎಂದು ತಿಳಿಯಬಹುದು. ಚಪ್ಪರವನ್ನು ಮೊದಲು ಬಾವಿಯ ಕಡೆಗೆ ಕಟ್ಟಿಕೊಟ್ಟು, ಬಳ್ಳಿಯು ಅಲ್ಲಿ ಹತ್ತಿದ ಮೇಲೆ ಈ ಕಡೆಯ ಗೋಡೆಗೆ ಕೈಹಾಕುವಷ್ಟು ತಾಳ್ಮೆಯು ಅವನಿಗಿದ್ದರೆ ಒಳ್ಳೇದು. ಬಸಳೆಯು ದಂಟು ನೆಟ್ಟರೆ ಚಿಗುರುವ ಬಳ್ಳಿ. ಅದಕ್ಕೆ ಬಹಳ ದಿವಸ ಬೇಕಾಗುವದಿಲ್ಲ.

ಇನ್ನು ಕಲ್ಲುಗಳ ಮಾತಿಗೆ ಬರುತ್ತೇವೆ. ಕೆಡಹಿದ ಗೋಡೆಯ ಕಲ್ಲುಗಳಿಂದಲೇ ಹೊಸ ಗೋಡೆಯನ್ನು ಕಟ್ಟುವದು ಬಡತನದ ಗುರುತೆಂದು ಕೆಲವರಿಗೆ ನಾಚಿಕೆ. ಕರಾವಳಿಯಲ್ಲಿ ನಮ್ಮ ಪಾಗಾರಗಳು ಬಹುಮಟ್ಟಿಗೆ ಮುರಕಲ್ಲಿನವು. ಈ ಕಲ್ಲಿಗೆ ಪಂಡಿತರ ಭಾಷೆಯಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು, ಇಟ್ಟಿಗೆ ಎಂಬರ್ಥದ ಲತೀನ ಮಾತಿನಿಂದ ತೆಗೆದು, 1807ರಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬವನು. ಅವನು 1800 ಮತ್ತು 1801ರಲ್ಲಿ ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ್ದನು. ಇದರ ಗುಣವು ವಿಚಿತ್ರವಾದದ್ದು. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೃದುವಾಗಿರುತ್ತದೆ. ಹೊರಗೆ ತೆಗೆದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ವರುಷದಿಂದ ವರುಷಕ್ಕೆ ಗಟ್ಟಿಯಾಗುತ್ತದೆ. ಹಾಗಾದದರಿಂದ ಅಜ್ಜನ ಗೋಡೆಯಿಂದ ಇಳಿಸಿದ ಒಳ್ಳೇ ಕಲ್ಲು ನಿನ್ನೆ ಲಾರಿಯಲ್ಲಿ ಬಂದ ಕಲ್ಲಿಗಿಂತ ಕೀಳಲ್ಲ. ಮೂರು ಮೀಟರಿಗಿಂತ ಹೆಚ್ಚಾದ ನಮ್ಮ ಮಳೆಯನ್ನು ಅದು ಎಷ್ಟೋ ಸಾರಿ ತಾಳಿಕೊಂಡಿದೆ.

ಆದರೂ ಅದನ್ನು ತಿರಿಗಿ ಉಪಯೋಗಿಸಬಹುದಾದದ್ದು ಕಲ್ಲಿನ ಗುಣದಿಂದ ಮಾತ್ರವಲ್ಲ, ಗಾರೆಯ ಗುಣದಿಂದಲೂ ಹೌದು. ಹಳಬರು ಚಿಪ್ಪಿನ ಸುಣ್ಣವನ್ನು ಮರಳಿನೊಂದಿಗೆ ಅರೆದು ಗಾರೆ ಮಾಡುತ್ತಿದ್ದರು; ಕೆಲವರು ಬರೀ ಕೆಸರಿನಿಂದ ಕಟ್ಟಿದರು. ಈ ಗಾರೆಯು ಕಲ್ಲಿಗಿಂತ ಮೃದುವಾದದ್ದು. ಗೋಡೆಯನ್ನು ಬಿಚ್ಚುವಾಗ ಉಳಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಗಾರೆಯು ಉದುರುತ್ತದೆ, ಕಲ್ಲು ಇದ್ದಂತೆಯೇ ಕೈಗೆ ಬರುತ್ತದೆ. ಸಿಮೆಂಟಿನಿಂದ ಕಟ್ಟಿದ ಗೋಡೆಯಾದರೋ ಹಾಗಲ್ಲ. ಸಿಮೆಂಟು ಕಲ್ಲಿಗಿಂತ ಬಲವಾಗಿ ಹಿಡಿದಿರುವದರಿಂದ, ಬಿಡಿಸಹೋದರೆ ಸಂದು ಬಿಡುವದಿಲ್ಲ, ಕಲ್ಲೇ ಒಡೆಯುತ್ತದೆ. ಆ ಗೋಡೆಯ ಕಲ್ಲುಗಳಿಗೆ ಎರಡನೇ ಜನ್ಮವಿಲ್ಲ. ಅವು ಗುಂಡಿ ತುಂಬುವದಕ್ಕೆ ಹೋಗುತ್ತವೆ. ತಮ್ಮ ಕಟ್ಟಡವನ್ನು ಯಾರೂ ಎಂದಿಗೂ ಬದಲಿಸಬೇಕಾಗದು ಎಂದೆಣಿಸಿ ಕಟ್ಟುವವರು ಮೊಮ್ಮಕ್ಕಳಿಗೆ ಜಲ್ಲಿಯನ್ನು ಬಿಟ್ಟು ಹೋಗುತ್ತಾರೆ. ಇದನ್ನು ಓದುವವರಲ್ಲಿ ಮೇಸ್ತ್ರಿಗಳಿದ್ದರೆ ಅವರು ನಗಬಹುದು, ಸುಣ್ಣದ ಗಾರೆ ಅರೆಯುವವರು ಈಗ ಎಲ್ಲಿದ್ದಾರೆ ಎನ್ನಬಹುದು. ಕಡಿಮೆ ಸಿಮೆಂಟಿನಲ್ಲಿ ಸುಣ್ಣ ಬೆರಸಿ ಕಟ್ಟುವದನ್ನು ಅವರಲ್ಲಿ ಅನೇಕರು ಇನ್ನೂ ಬಲ್ಲರು; ನಾಲ್ಕೈದು ಅಡಿ ಎತ್ತರದ ಪಾಗಾರಕ್ಕೆ ಅಷ್ಟು ಸಾಕು.

ಹಳೇ ಕಲ್ಲುಗಳನ್ನು ಹೀಗೆಳೆಯುವವರು ಪೂರ್ವದಲ್ಲಿಯೂ ಇದ್ದರು. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಲಾರಂಭಿಸಿದಾಗ ಸನ್ಬಲ್ಲಟನು, ಸುಟ್ಟುಹೋದ ಕಲ್ಲುಗಳನ್ನು ಕಸದ ರಾಶಿಯಿಂದ ಎತ್ತಿ ಬದುಕಿಸುವರೋ ಎಂದು ಅಪಹಾಸ್ಯಮಾಡಿದನು. ಟೋಬೀಯನು ಅದರ ಮೇಲೆ ನರಿ ಹತ್ತಿದರೂ ಬೀಳುವದೆಂದನು. ಐವತ್ತೆರಡು ದಿವಸಗಳಲ್ಲಿ ಆ ಗೋಡೆಯು ಮುಗಿಯಿತು. ಒಬ್ಬೊಬ್ಬನು ತನ್ನ ತನ್ನ ಮನೆಗೆದುರಾಗಿ ಕಟ್ಟಿದನೆಂಬದನ್ನು ನಾವು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಆ ಗ್ರಂಥದ ಐದನೆಯ ಅಧ್ಯಾಯವನ್ನು ಪ್ರಸಂಗಪೀಠದಿಂದ ಎಷ್ಟು ಸಾರಿ ಕೇಳಿದ್ದೇವೆ? ಗೋಡೆಯ ಕೆಲಸವು ಅರ್ಧಕ್ಕೆ ಬಂದಿರುವಾಗ ಬಡವರ ಗೋಳಾಟವು ಎದ್ದಿತು. ಪಕ್ಕದಲ್ಲಿ ನಿಂತು ಕಲ್ಲು ಹೊರುತ್ತಿದ್ದ ಸಹೋದರರೇ ಅವರ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಾಗಿ ಹಿಡಿದುಕೊಂಡಿದ್ದರು. ನೆಹೆಮೀಯನು, ವೈರಿಗಳು ಸುತ್ತಲೂ ಇದ್ದಾರೆ, ಗೋಡೆಯು ಮುಗಿಯಲಿ, ಆ ಮೇಲೆ ನೋಡೋಣ ಎನ್ನಲಿಲ್ಲ. ಸಭೆಯನ್ನು ಕೂಡಿಸಿ, ಆ ದಿವಸವೇ ಹಿಂದಕ್ಕೆ ಕೊಡಿರೆಂದನು, ಕೊಟ್ಟರು. ಕಸದಿಂದೆತ್ತಿದ ಕಲ್ಲು ಪರಿಶುದ್ಧ ಪಟ್ಟಣಕ್ಕೆ ಯೋಗ್ಯವಾಯಿತು, ಬಡವನಿಂದೆತ್ತಿದ ಹೊಲವು ಯೋಗ್ಯವಾಗಲಿಲ್ಲ.

ಈ ಕಾಲದಲ್ಲಿಯೂ ಇಂಥ ಕಟ್ಟೋಣವು ನಡೆದಿದೆ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ 1726ರಿಂದ 1743ರ ವರೆಗೆ ಕಟ್ಟಿದ ಫ್ರಾವೆನ್‌ಕಿರ್ಖೆ ಎಂಬ ಲೂಥೆರನ್ ದೇವಾಲಯವು 1945ರ ಫೆಬ್ರವರಿಯ ಬಾಂಬುಗಳ ಬೆಂಕಿಯಿಂದ ಕುಸಿದು ಬಿದ್ದು ದಶಕಗಳ ಕಾಲ ಕಲ್ಲುರಾಶಿಯಾಗಿಯೇ ಉಳಿಯಿತು. 1994ರಲ್ಲಿ ಅದನ್ನು ತಿರಿಗಿ ಕಟ್ಟಲಾರಂಭಿಸಿ 2005ರಲ್ಲಿ ಪ್ರತಿಷ್ಠೆ ಮಾಡಿದರು. ರಾಶಿಯೊಳಗಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಗುರುತಿಸಿ, ಆದಷ್ಟನ್ನು ಗೋಡೆಗೆ ತಿರಿಗಿ ಸೇರಿಸಿದ್ದಾರೆ. ಹೊಸ ಕಲ್ಲುಗಳು ಹೊಂಬಣ್ಣ, ಹಳೆಯವು ಕಪ್ಪು. ನೋಡುವವರಿಗೆ ಗೋಡೆಯು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಆ ಕಪ್ಪನ್ನು ಅವರು ಬಳಿದು ಮರೆಮಾಡಲಿಲ್ಲ. ನಮ್ಮವರಾದರೋ ಹಳೇ ಕಲ್ಲಿನ ಗೋಡೆಯೆಂದು ನೆರೆಯವರಿಗೆ ತಿಳಿಯಬಾರದೆಂದು ಸಾಲಮಾಡಿ ಗಿಲಾವು ಮಾಡಿಸುವದುಂಟು.

ಆದರೆ ಸಿಕ್ಕಿದ ಹಳೇ ಕಲ್ಲೆಲ್ಲಾ ನಮಗೆ ಸಲ್ಲುವದೋ? ಗಾಡಿಗೆ ಅಗಲವಾದ ಬಾಗಲಿನ ಎರಡು ಕಂಬಗಳಿಗೂ ಮೂಲೆಗಳಿಗೂ ಕಲ್ಲು ಸಾಲದೆ ಬರುವದುಂಟು. ಆಗ ಮನುಷ್ಯನ ಕಣ್ಣು ಅತ್ತಿತ್ತ ತಿರುಗುತ್ತದೆ. ಪಾಳುಬಿದ್ದ ಮನೆಯೊಂದರ ಪಂಚಾಂಗವಿದೆ. ಅದರವರು ಬೊಂಬಾಯಿಗೆ ಹೋಗಿ ಬಹಳ ಕಾಲವಾಯಿತು. ಊರಿನ ಕೆರೆಯ ಮೆಟ್ಟಲುಗಳು ಸಡಿಲವಾಗಿವೆ. ಸ್ಮಶಾನದ ಹಿಂದಿನ ಗೋಡೆಯಲ್ಲಿ ನಾಲ್ಕು ಕಲ್ಲು ಜಾರಿವೆ. ಬಿದ್ದಿರುವದೆಲ್ಲಾ ಬಿಟ್ಟದ್ದಲ್ಲ. ಬೊಂಬಾಯಿಯಲ್ಲಿರುವವನಿಗೆ ಒಂದು ಮಾತು ಕೇಳಿಸುವದು ಈಗ ಕಷ್ಟವಲ್ಲ; ಕೈಯಲ್ಲಿ ಟೆಲಿಫೋನಿಲ್ಲದವರು ಯಾರು? ಅವನು ತಕ್ಕೊಳ್ಳಿರೆಂದರೆ ಅದೇ ಕಲ್ಲು ದಾನವಾಗುತ್ತದೆ, ಕೇಳದೆ ತಂದರೆ ಅದೇ ಕಲ್ಲು ಕಳವಾಗುತ್ತದೆ, ಕಲ್ಲಿನಲ್ಲಿ ಭೇದವಿಲ್ಲ. ಅನ್ಯಾಯವಾಗಿ ಮನೆ ಕಟ್ಟಿಕೊಂಡವನಿಗೆ ವಿರೋಧವಾಗಿ ಗೋಡೆಯೊಳಗಿನ ಕಲ್ಲೇ ಮೊರೆಯಿಡುವದೆಂದು ಹಬಕ್ಕೂಕನು ಸಾರಿದ್ದನ್ನು ನಾವು ಬಲ್ಲೆವು. ನ್ಯಾಯವಾಗಿ ದೊರೆತದ್ದರಲ್ಲಿಯೂ ಬಿಡತಕ್ಕವು ಇವೆ. ಯಾಜಕಕಾಂಡದಲ್ಲಿ ಕುಷ್ಠದ ಗುರುತು ಹತ್ತಿದ ಮನೆಯ ಕಲ್ಲುಗಳನ್ನು ಊರ ಹೊರಗೆ ಹಾಕಬೇಕೆಂದಿದೆ. ಇನ್ನೊಬ್ಬನ ಗೋಡೆಗೆ ಅವುಗಳನ್ನು ಮಾರಕೂಡದು. ನಮ್ಮಲ್ಲಿಯೂ ಉಪ್ಪು ಹತ್ತಿ ಪುಡಿಯಾಗುವ ಕಲ್ಲನ್ನು ಗಿಲಾವಿನೊಳಗೆ ಮುಚ್ಚಿಟ್ಟು ಕಟ್ಟುವ ಗುತ್ತಿಗೆದಾರರಿದ್ದಾರೆ.

ಇಬ್ಬರಿಗೆ ಸೇರಿದ ಗೋಡೆಯಾದರೆ ಕಷ್ಟವು ಹೆಚ್ಚು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಎದ್ದ ಗೋಡೆಗಳು ನಮ್ಮ ಸಭೆಗಳಲ್ಲಿ ಎಷ್ಟೋ ಇವೆ. ತಮ್ಮನಿಗೆ ಗಾಡಿ ಬಂತು, ಗೋಡೆಯನ್ನು ತೆಗೆದನು, ಕಲ್ಲುಗಳನ್ನೆಲ್ಲಾ ತನ್ನ ಹೊಸ ಗೋಡೆಗೆ ಇಟ್ಟುಕೊಂಡನು. ಅಣ್ಣನು ಸಂಜೆ ಹೊಲದಿಂದ ಬಂದು ನೋಡುತ್ತಾನೆ. ಮಿಷ್ನಾದ ಬಾಬಾ ಬತ್ರಾ, ಅಂದರೆ ಕಡೇ ಬಾಗಲು ಎಂಬ ಭಾಗವು ಪ್ರಾರಂಭವಾಗುವದೇ ಈ ಸಂಗತಿಯಿಂದ. ಇಬ್ಬರು ಪಾಲುಗಾರರು ಅಂಗಳದ ನಡುವೆ ಗೋಡೆ ಕಟ್ಟಲು ಒಪ್ಪಿದರೆ ನಡುಮಧ್ಯದಲ್ಲಿ ಕಟ್ಟತಕ್ಕದ್ದು. ಕೆತ್ತದ ಕಲ್ಲಾದರೆ ಒಬ್ಬೊಬ್ಬನು ಮೂರು ಅಂಗೈ ಅಗಲದ ನೆಲವನ್ನು ಕೊಡಬೇಕು, ಕೆತ್ತಿದ ಕಲ್ಲಾದರೆ ಎರಡೂವರೆ. ಆದದರಿಂದ ಗೋಡೆಯು ಬಿದ್ದರೆ ನೆಲವೂ ಕಲ್ಲುಗಳೂ ಇಬ್ಬರವು. ಒಬ್ಬನು ಹೊಲದ ಬಯಲಿನಲ್ಲಿ ತಾನೇ ಕಟ್ಟಬೇಕೆಂದರೆ ತನ್ನ ನೆಲದೊಳಕ್ಕೆ ಸರಿದು ಕಟ್ಟಲಿ, ಹೊರಮೈಯಲ್ಲಿ ಒಂದು ಗುರುತು ಮಾಡಲಿ. ಆಗ ಬಿದ್ದರೂ ನೆಲವೂ ಕಲ್ಲುಗಳೂ ಅವನವೇ. ನೋಡಿರಿ, ಗೋಡೆಯು ಹೊಸದಾಗಿ ನಿಲ್ಲುವಾಗಲೇ ಅದು ಬೀಳುವ ದಿವಸವನ್ನು ನೆನಸಿ ಕಟ್ಟಳೆ ಮಾಡಿದ್ದಾರೆ. ನಾವೋ ಮಣ್ಣಿನ ಮಕ್ಕಳು, ನಮ್ಮ ಗೋಡೆಯು ಬೀಳುವದೆಂದು ಹೇಳಿದರೆ ಅಪಶಕುನವೆಂದು ಕಿವಿ ಮುಚ್ಚಿಕೊಳ್ಳುತ್ತೇವೆ. ಅನ್ಯಮತದಿಂದ ಹೊರಟು ಬಂದೆವು, ಶಕುನವನ್ನು ಗಂಟಿನಲ್ಲಿ ಕಟ್ಟಿ ತಂದೆವು.

ಒಂದು ಗೇಣು ನೆಲಕ್ಕಾಗಿ ನಮ್ಮವರು ಮಾಡುವ ವ್ಯಾಜ್ಯಗಳ ಕಹಿಯನ್ನು ಹೊರಗಿನವರು ಕಂಡು ಆಶ್ಚರ್ಯಪಡುತ್ತಾರೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ಪೂರ್ವಿಕರಲ್ಲಿ ಅನೇಕರು ಕರ್ತನನ್ನು ಅಂಗೀಕರಿಸಿದಾಗ ಮನೆಮಾರುಗಳನ್ನು ಕಳಕೊಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಅಂಥವರು ನೆಲೆಯೂರುವದಕ್ಕೆ ಜಾಗಗಳನ್ನು ಒದಗಿಸಿದರು. ದುಡಿಮೆಗಾಗಿ ನೆಯ್ಗೆಯ ಶಾಲೆಗಳನ್ನು ತೆರೆದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದರು, ಆ ಹಂಚುಗಳಲ್ಲಿ ಕೆಲವು ಈಗಲೂ ನಮ್ಮ ಗೋಡೆಗಳ ತಲೆಯ ಮೇಲೆ ಮಳೆಯನ್ನು ಇಳಿಸುತ್ತಿವೆ. ಎಲ್ಲವನ್ನೂ ಕಳಕೊಂಡು ತಿರಿಗಿ ಪಡೆದವರ ಮಕ್ಕಳಿಗೆ ಒಂದು ಗೇಣು ನೆಲವೂ ಅಜ್ಜನ ಕಣ್ಣೀರಾಗಿ ಕಾಣುತ್ತದೆ. ಇದನ್ನು ನಾವು ಹೀನೈಸುವದಿಲ್ಲ. ಆದರೆ ಆ ಕಣ್ಣೀರನ್ನು ನೆನಪಿಸಿಕೊಳ್ಳುವವನು ನೆರೆಯವನ ಅಜ್ಜನೂ ಅತ್ತಿದ್ದನೆಂಬದನ್ನು ಮರೆಯುವದು ಹೇಗೆ? ಒಂದೇ ಬೆಂಚಿನಲ್ಲಿ ಕೂತುಕೊಳ್ಳುತ್ತಿದ್ದ ಎರಡು ಮನೆಯವರು, ಗೋಡೆಯು ಎದ್ದ ಮೇಲೆ, ಒಬ್ಬರು ಕರ್ತನ ಮೇಜಿಗೆ ಬಂದ ಆದಿತ್ಯವಾರ ಇನ್ನೊಬ್ಬರು ಬಾರದೆ ನಿಲ್ಲುವದನ್ನು ಸಭೆಗಳು ಕಂಡಿವೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗಬೇಕೆಂದು ಕರ್ತನು ಹೇಳಿದ್ದು ಇಂಥ ಜನರಿಗೇ ಅಲ್ಲವೇ? ಇದಕ್ಕೆ ಹೆದರಿ ಕ್ರೈಸ್ತರಿಗೆ ಗೋಡೆಯೇ ಬೇಡ, ಕ್ರಿಸ್ತನು ಅಡ್ಡಗೋಡೆಯನ್ನು ಕೆಡವಿದನಲ್ಲಾ ಎನ್ನುವ ಸಹೋದರರೂ ಇದ್ದಾರೆ. ಪೌಲನು ಹೇಳಿದ ಆ ಮಾತಿಗೆ ಗುರುತಾಗಿ ದೇವಾಲಯದ ಅಂಗಳದಲ್ಲಿ ಒಂದು ಗಿಡ್ಡಗೋಡೆಯು ನಿಜವಾಗಿ ಇತ್ತು. ಅನ್ಯರು ಇದನ್ನು ದಾಟಿದರೆ ಮರಣವೆಂದು ಗ್ರೀಕಿನಲ್ಲಿ ಕೆತ್ತಿದ ಅದರ ಕಲ್ಲೊಂದು 1871ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕಿತು. ಆ ಗೋಡೆಯು ಮನುಷ್ಯನನ್ನು ದೇವರಿಂದ ದೂರವಿಟ್ಟಿತು. ನಮ್ಮದು ಮೇಕೆಯನ್ನು ಅಲಸಂದೆಯಿಂದ ದೂರವಿಡುತ್ತದೆ. ಎರಡನ್ನೂ ಒಂದೆನ್ನುವವರ ತೋಟದಲ್ಲಿ ಅಲಸಂದೆಯಿರುವದಿಲ್ಲ.

ನಾವು ಕೇಳಿಕೊಳ್ಳುವದು ಇಷ್ಟೇ. ಹಳೇ ಗೋಡೆಗೆ ಮೊದಲನೆಯ ಪೆಟ್ಟು ಬೀಳುವದಕ್ಕೆ ಮುಂಚೆ ಪಕ್ಕದ ಮನೆಯವರನ್ನು ಕರೆದು, ಹಳೇ ಪಂಚಾಂಗದ ಎರಡು ತುದಿಗಳಲ್ಲಿ ಗೂಟ ಹೊಡೆದು, ನೂಲಿನ ಒಂದು ತುದಿಯನ್ನು ಅವರ ಕೈಯಲ್ಲಿ ಕೊಡಿರಿ. ಹೊಸ ಗೋಡೆಯು ಆ ನೂಲಿನಿಂದ ಒಳಕ್ಕೆ ಎಷ್ಟು ದೂರದಲ್ಲಿ ಎದ್ದರೂ ಅಲ್ಲಿ ಮಾತು ಹುಟ್ಟುವದಿಲ್ಲ. ಕಲ್ಲುಗಳನ್ನು ಇಳಿಸುವಾಗ ಓಣಿಯ ಕಡೆಗೆ ತಳ್ಳದೆ ತೋಟದ ಕಡೆಗೆ ಇಳಿಸಿರಿ. ದೊಡ್ಡವು ಕೆಳಗೆ ಹೋಗಲಿ, ಸಂದಿನ ಮೇಲೆ ಸಂದು ಬಾರದಿರಲಿ, ನೀರು ಹೋಗುವದಕ್ಕೆ ಬುಡದಲ್ಲಿ ಕಂಡಿಗಳಿರಲಿ.

ಕಡೆಗೆ ಒಂದು ಸಂಗತಿ ಉಳಿಯಿತು. ಅದರಲ್ಲಿ ಗೋಡೆಯನ್ನು ಒಳಕ್ಕೆ ಕಟ್ಟಿದ ನ್ಯಾಯಸ್ಥರೂ ಎಡವುತ್ತಾರೆ. ಗಾಡಿಯು ಓಣಿಯಿಂದ ಅಂಗಳಕ್ಕೆ ಹತ್ತಬೇಕಾದರೆ ಬಾಗಲಿ‌ನ ಮುಂದೆ ಇಳಿಜಾರು ಬೇಕು, ನಡುವೆ ಚರಂಡಿಯಿದೆ. ಉಳಿದ ಒಡಕು ಕಲ್ಲುಗಳನ್ನು ಚರಂಡಿಗೆ ತುಂಬಿ ಮೇಲೆ ಕಾಂಕ್ರೀಟು ಹಾಕಿ ಬಿಡುವದು ಸುಲಭ. ಚೈತ್ರದಲ್ಲಿ ಅದು ಅಂದವಾಗಿ ಕಾಣುತ್ತದೆ. ಜ್ಯೇಷ್ಠದಲ್ಲಿ ಮೇಲಿನ ಗುಡ್ಡದ ನೀರು ಬಂದು ಅಲ್ಲಿ ತಡೆದು, ಕೆಳಗಿನ ಮನೆಯ ಅಡಿಗೆಯ ಕೋಣೆಗೆ ನುಗ್ಗುತ್ತದೆ. ಆ ಮನೆಯವರು ಬಹಳ ಮಟ್ಟಿಗೆ ಇವರಿಗಿಂತ ಬಡವರಾಗಿರುತ್ತಾರೆ, ಯಾಕಂದರೆ ತಗ್ಗಿನ ನೆಲಕ್ಕೆ ಕ್ರಯ ಕಡಿಮೆ. ಚರಂಡಿಯನ್ನು ಅದರ ಪೂರ್ತಿ ಅಗಲಕ್ಕೆ ಬಿಟ್ಟು, ಮೇಲೆ ಎತ್ತಿ ತೆಗೆಯಬಹುದಾದ ಚಪ್ಪಡಿಗಳನ್ನು ಹಾಸಿರಿ. ಗಾಡಿಯ ಭಾರಕ್ಕೆ ಅವು ಎಷ್ಟು ದಪ್ಪವಿರಬೇಕೆಂದು ಮೇಸ್ತ್ರಿಯನ್ನು ಕೇಳಿರಿ. ಒಡಕು ಕಲ್ಲುಗಳನ್ನು ಗಾಡಿ ನಿಲ್ಲುವ ಅಂಗಳಕ್ಕೇ ಹಾಸಿ ಮೇಲೆ ಜಲ್ಲಿ ಹರವಿದರೆ ಕೆಸರಾಗದು, ಮಳೆಯ ನೀರೂ ನೆಲಕ್ಕಿಳಿದು ಬಾವಿಯನ್ನು ಸೇರುವದು. ಈ ಕೆಲಸವೆಲ್ಲಾ ಏಪ್ರಿಲಿನೊಳಗೆ ಮುಗಿಯುವದು ಒಳ್ಳೇದು; ಮೇ ತಿಂಗಳ ನಡುವಿನಲ್ಲಿ ಒಂದೆರಡು ದೊಡ್ಡ ಮಳೆಗಳು ಬೀಳುವದುಂಟು, ಹಸಿ ಗಾರೆಯು ಅವನ್ನು ತಾಳದು.